ಹಸಿರು ಬಟ್ಟೆಯ ಬಂದೂಕು

ಬಂದೂಕು ಕೋರ್ಟಿನಿಂದ ಬಿಡುಗಡೆಯಾಗಿ ಮನೆ ಸೇರಿದೆ ಎಂದು ತಿಳಿದಂದಿನಿಂದ ಉಜ್ವಲಾಗೆ ಮೈದುನ ಗುರುಸಿದ್ಧನದೇ ಚಿಂತೆ. ಕೇಳಿದವರಿಗೂ ಕೇಳದವರಿಗೂ ಹಾಗೆಂದೇ ಹೇಳುತ್ತಿದ್ದಳು.

ಆಕೆ ಸೋಲಾಪುರದಲ್ಲಿ ಶವಪರೀಕ್ಷೆಯ ವೈದ್ಯೆ. ಬಂದೂಕಿನಿಂದಾದ ಸಾವುಗಳು ಒಂದಕ್ಕೊಂದು ಎಲ್ಲಿ ಹೋಲುತ್ತವೆ ಎಂಬುದು ಆಕೆಯ ಸಂಶೋಧನೆ. ಹಳೆಯ ಪ್ರಕರಣಗಳನ್ನು ಜಾಲಾಡುವಾಗ ಯಾರೂ ಗಮನಿಸದ ಒಂದು ಸಂಗತಿ ಸಿಕ್ಕಿತ್ತು. ಮನೆಯಲ್ಲೊಬ್ಬರು ತಮ್ಮ ಮೇಲೆ ತಾವೇ ಗುಂಡು ಹಾರಿಸಿಕೊಳ್ಳುತ್ತಾರೆ. ತನಿಖೆ ಮುಗಿದ ಮೇಲೆ ಬಂದೂಕು ಅದೇ ಮನೆಗೆ ಮರಳುತ್ತದೆ. ಹಿರಿಯರ ಕಾಲದ್ದು ಎಂದು ಮನೆಯವರು ಅದನ್ನು ಹಳೆಯ ಗೂಟಕ್ಕೇ ತೂಗುಹಾಕುತ್ತಾರೆ. ವರ್ಷ ತುಂಬುವುದರೊಳಗೆ ಅದು ಇನ್ನೊಬ್ಬರನ್ನು ಕರೆದೊಯ್ಯುತ್ತದೆ.

ವಿಭಾಗದ ಸಭೆಯಲ್ಲಿ ಇದನ್ನು ಓದುವಾಗ ಆಕೆಯ ದನಿ ನಡುಗಲಿಲ್ಲ. ಆ ಎರಡನೆಯವರು ಯಾರಾಗಿರುತ್ತಾರೆ ಎಂದು ಒಬ್ಬರು ಕೇಳಿದರು. ಮೊದಲು ಹೋದವರಿಗೆ ತೀರ ಹತ್ತಿರದವರು, ಆದರೆ ನೋಡುವವರ ಕಣ್ಣಿಗೆ ಸರಿಯಾಗಿಯೇ ಇರುವವರು ಎಂದಳು. ಆಕೆಯ ಗಂಡ ಸ್ವಪ್ನಿಲ ಮಾಘ ಮಾಸದಲ್ಲಿ ಅಕ್ಕಲಕೋಟೆಯ ಆಚೆಯ ತನ್ನ ಊರಿನ ಮನೆಯಲ್ಲಿ, ಮನೆಯ ಬಂದೂಕಿನಿಂದಲೇ ತೀರಿಕೊಂಡದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗಟ್ಟಿಗಿತ್ತಿ ಎಂದು ತಲೆದೂಗಿದರು. ಓದಿದ ಜನಕ್ಕೆ ಇಂಥ ಮಾತು ಬಲು ಸಲೀಸು.

ಗುರುಸಿದ್ಧ ಗಟ್ಟಿಗನಲ್ಲ. ಅಣ್ಣ ಬಿದ್ದಿದ್ದ ಕೋಣೆಯ ಬಾಗಿಲನ್ನು ಮೊದಲು ತೆರೆದವನು ಅವನೇ. ಅಂದಿನಿಂದ ಅಣ್ಣನ ಹೆಸರು ಬಂದರೆ ಸಾಕು, ಹೊಲವಿರಲಿ, ಸಂತೆಯಿರಲಿ, ನಿಂತಲ್ಲೇ ಅತ್ತುಬಿಡುತ್ತಿದ್ದ. ಬಂದೂಕನ್ನು ಠಾಣೆಗೆ ಒಪ್ಪಿಸಿಬಿಡಿ ಎಂದು ಉಜ್ವಲಾ ಅತ್ತೆಗೆ ಫೋನಿನಲ್ಲಿ ಹೇಳಬಹುದಿತ್ತು. ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡಳು.

ಮಹಾನವಮಿಯ ಮುನ್ನಾದಿನ ವರದಿಯ ಕೊನೆಯ ಸಾಲು ಬರೆದು ಮುಗಿಸಿದಳು. ವಿಭಾಗದ ಕಪಾಟಿನ ಬೀಗದ ಕೈಯನ್ನು ಶಿಷ್ಯೆ ಸಪ್ನಾಳಿಗೆ ಕೊಟ್ಟು, ಕಿಟಕಿಯಲ್ಲಿದ್ದ ತುಳಸಿ ಕುಂಡವನ್ನು ನಿನ್ನ ಮನೆಗೇ ಒಯ್ಯಿ ಎಂದಳು. ಯಾವಾಗ ಬರುತ್ತೀರಿ ಎಂದು ಸಪ್ನಾ ಕೇಳಿದಳು. ಹೋದ ಕೆಲಸ ಆಗಲಿ, ನೋಡೋಣ ಎಂಬ ಉತ್ತರ ಬಂತು.

ಬೆಳಗಿನ ಬಸ್ಸಿನಲ್ಲಿ ಹಬ್ಬದ ನೂಕುನುಗ್ಗಲು. ಕುಂಭಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಚೀಲವನ್ನು ಮೇಲಿಡುತ್ತೇನೆಂದು ಕೈ ಚಾಚಿದರೆ ಉಜ್ವಲಾ ಕೊಡಲಿಲ್ಲ, ಮಡಿಲಲ್ಲಿ ಅವುಚಿಕೊಂಡು ಕೂತಳು. ಅದರಲ್ಲಿದ್ದದ್ದು ಸ್ವಪ್ನಿಲನ ಅಂಗಿ. ಹೋದ ಅಮಾವಾಸ್ಯೆಗೆ ಊರಿಗೆ ಬಂದಾಗ, ನೆನಪಿಗಿರಲಿ ಎಂದು ಅವನ ಕಪಾಟಿನಿಂದ ಒಯ್ದಿದ್ದಳು. ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಮೋಟರ್‌ಸೈಕಲ್ ತಂದು ಕಾಯುತ್ತಿದ್ದ ಗುರುಸಿದ್ಧ "ವಹಿನಿ, ಪಿಶವಿ ಕೊಡ್ರಿ" ಎಂದು ಚೀಲಕ್ಕೆ ಕೈ ಚಾಚಿದ. ಅವನಿಗೂ ಕೊಡಲಿಲ್ಲ.

ದೇವರ ಕೋಣೆಯಲ್ಲಿ ಆಗಲೇ ಆಯುಧಗಳ ಖಂಡೇಪೂಜೆ ಮುಗಿದಿತ್ತು. ಕುಡಗೋಲು, ಕೊಡಲಿ, ಕುಂಟೆಗಳ ಸಾಲಿನ ಕೊನೆಗೆ ಹಸಿರು ಬಟ್ಟೆ ಸುತ್ತಿದ ಉದ್ದನೆಯದೊಂದು ಗಂಟು, ಮೇಲೆ ಚೆಂಡುಹೂವು. ಈ ಮನೆಯಲ್ಲಿ ಬಂದೂಕಿಗೆ ಬಟ್ಟೆ ಸುತ್ತಿಯೇ ಪೂಜೆ. ಸುತ್ತುವುದು ಮನೆಯ ಹಿರಿಯರು. ಮರುದಿನ ಸಂಜೆ ಬನ್ನಿ ಹಂಚುವವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಗುರುಸಿದ್ಧ ಅದರ ಮುಂದೆ ಕೂತು ಮೂಗೊರೆಸಿಕೊಂಡ. ನಾಳೆಯವರೆಗೆ ಕಾಯುವುದು ಉಜ್ವಲಾಳಿಂದ ಆಗದು.

ಹೋಳಿಗೆ ಊಟವಾಯಿತು. ಉಜ್ವಲಾ ಅತ್ತೆಯ ಕೈರುಚಿಯನ್ನು ಹೊಗಳಿದಳು, ನಕ್ಕಳು. ಗುರುಸಿದ್ಧ ಬಾವಿಯ ಮೋಟಾರಿಗೆ ಪೂಜೆ ಮಾಡಲು ಹೊಲಕ್ಕೆ ಹೊರಟ. ಅತ್ತೆ ಪಾರ್ವತಿಬಾಯಿ ಪಡಸಾಲೆಯಲ್ಲಿ ಸೆರಗು ಹಾಸಿ ಅಡ್ಡಾದರು. ಮನೆ ಸದ್ದಡಗಿದ ಮೇಲೆ ಉಜ್ವಲಾ ಚೀಲ ಹಿಡಿದು ದೇವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಅಗುಳಿಗೆಂದು ಕೈ ಹಾಕಿದರೆ ಅಗುಳಿಯೇ ಇಲ್ಲ. ಮೊಳೆ ಕಿತ್ತ ತೂತುಗಳು ಇನ್ನೂ ಹೊಸದಾಗಿದ್ದವು.

ಹೂ ಸರಿಸಿ ಆತುರಾತುರವಾಗಿ ಗಂಟು ಬಿಚ್ಚಿದಳು. ಕೊನೆಯ ಸುತ್ತು ಕಳಚಿದಾಗ ಒಳಗಿದ್ದದ್ದು ಒನಕೆ. ಅಜ್ಜಿಯರ ಕೈ ತಾಗಿ ತಾಗಿ ನುಣುಪಾದ, ತುದಿಗೆ ಕಬ್ಬಿಣದ ಬಳೆಯ ಹಳೆಯ ಒನಕೆ.

ಬಾಗಿಲು ತೆರೆದ ಸದ್ದಾಯಿತು. ಪಾರ್ವತಿಬಾಯಿ ನಿದ್ದೆ ಮಾಡಿರಲಿಲ್ಲ.

"ಬಂದೂಕ ಮನಿಗಿ ಬಂದ ದಿನಾನ ಠಾಣಾಕ ಒಪ್ಪಿಸಿ ಬಂದೀನಿ," ಎಂದರು.

ಮಾವ ಸತ್ತ ಮೇಲೆ ಬಂದೂಕಿನ ಪರವಾನಗಿ ಅತ್ತೆಯ ಹೆಸರಿನಲ್ಲೇ ಇತ್ತು. ಮನೆತನದ ಆಯುಧ ಹೋಯಿತು ಎಂದು ಭಾವಕಿಯ ಜನ, ದಾಯಾದಿಗಳು, ಬಾಯಿಗೆ ಬಂದಂತೆ ಆಡಬಾರದೆಂದು, ನಸುಕಿನಲ್ಲೆದ್ದು ಒನಕೆಗೆ ಬಟ್ಟೆ ಸುತ್ತಿ ಕೂರಿಸಿದ್ದರು. ಊರೆಲ್ಲ ಬಂದು ಅದಕ್ಕೇ ಕೈಮುಗಿದು ಹೋಗಿತ್ತು.

ಉಜ್ವಲಾ ಒನಕೆಯಿಂದ ಕಣ್ಣು ಕೀಳಲಿಲ್ಲ. "ಚಲೋ ಮಾಡಿದ್ರಿ ಅತ್ತಿ. ನನಗ ಗುರೂಂದ ಅಂಜಿಕಿ ಇತ್ತು," ಎಂದಳು.

"ಗುರು ಅಳತಾನ, ಉಣ್ಣತಾನ, ಮಕ್ಕೋತಾನ. ಅವನ ಅಂಜಿಕಿ ನನಗಿಲ್ಲ."

ಪಾರ್ವತಿಬಾಯಿ ಆಕೆಯ ಪಕ್ಕದಲ್ಲಿ ನೆಲಕ್ಕೆ ಕೂತರು. ಕೈಯನ್ನು ಸೊಸೆಯ ಮುಂದೆ ಚಾಚಿದರು.

"ಠಾಣಾದಾಗ ಗುಂಡೂ ಕೇಳಿದ್ರು. ಸ್ವಪ್ನಿಲನ ಕಪಾಟಿನ್ಯಾಗ ಎರಡ ಇದ್ದವು, ಅವನ ಅಂಗಿ ನೀ ಒಯ್ದ ಮ್ಯಾಲ ಒಂದ ಸಿಕ್ತು. ಇನ್ನೊಂದು ನನ್ನ ಕೈಯಾಗ ಕೊಡು, ಮಗಳ."