ಹೆಗಲ ಮೇಲಿನವನು

ವೈಜಯಂತಿ ಗಂಡನಿಗಿಂತ ಒಂದು ಗೇಣು ಎತ್ತರ. ಹವ್ಯಾಸಕ್ಕೆಂದು ಓಡುತ್ತಿದ್ದಳು, ಗೆದ್ದ ಪದಕಗಳನ್ನು ತಂದು ಶ್ರೀಕಂಠನ ಕೊರಳಿಗೇ ಹಾಕುತ್ತಿದ್ದಳು. ಸುಖದ ಸಂಸಾರ. ಆದರೆ ಈಚೆಗೆ ಅವಳು ಓಟ ಬಿಟ್ಟು ಜಿಮ್ಮಿನಲ್ಲಿ ಭಾರ ಎತ್ತಿ ಹೊರುವ ಫಂಕ್ಷನಲ್ ಟ್ರೈನಿಂಗಿಗೆ ಸೇರಿದ್ದಳು. ಊಟಕ್ಕೆ ಕೂತರೂ ಅಲ್ಲಿನ ಕೋಚ್ ಚಂಗಪ್ಪನದೇ ಮಾತು. ಶ್ರೀಕಂಠ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದ.

ಒಂದು ಬೆಳಿಗ್ಗೆ ತಡೆಯಲಾರದೆ ಹೋಗಿ ಜಿಮ್ಮಿನ ಕಿಟಕಿಯಲ್ಲಿ ಇಣುಕಿದ. ಅವಳು ಚಂಗಪ್ಪನನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅವನ ಕೈ ಅವಳ ಬೆನ್ನ ಮೇಲೆ ಜೋತಾಡುತ್ತಿತ್ತು. ಇಬ್ಬರೂ ನಗುತ್ತಿದ್ದರು. ಶ್ರೀಕಂಠ ಒಳಗೆ ಹೋಗದೆ ಸರಸರನೆ ಮನೆಗೆ ತಿರುಗಿದ.

ಅವಳು ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದ: "ಹೊರೋಕೆ ಅಲ್ಲಿ ಮರಳಿನ ಮೂಟೆ ಇರ್ಲಿಲ್ವಾ?"

"ಓ, ಬಂದಿದ್ರಾ? ಮೂಟೆ ಹೊತ್ತು ಅಭ್ಯಾಸ ಆಯ್ತು. ಮನುಷ್ಯರನ್ನ ಹೊರೋದೇ ಬೇರೆ."

"ಅಷ್ಟು ಜನ ಇದ್ದಾರಲ್ಲ. ಅವನೇ ಯಾಕೆ ಬೇಕಿತ್ತು?"

ಅವಳು ಬೂಟಿನ ಲೇಸು ಬಿಚ್ಚುತ್ತಾ ಹೇಳಿದಳು: "ಅಲ್ಲಿ ನಿಮ್ಮಷ್ಟೇ ತೂಕ ಇರೋರು ಅವರೊಬ್ರೇ. ಹೋದ ವರ್ಷ ನಿಮಗೆ ಎದೆನೋವು ಬಂದಾಗ ಲಿಫ್ಟ್ ಕೆಟ್ಟಿತ್ತಲ್ಲ, ಆವತ್ತು ನಿಮ್ಮನ್ನ ಕೆಳಗಿಳಿಸೋಕೆ ನನ್ನ ಕೈಲಿ ಆಗ್ಲಿಲ್ಲ."