ಓಕ್ ಕಂಬದ ಸದ್ದು

ಮೆಲಿಶಾ ಕಂಬವನ್ನು ಬೆರಳಿನಿಂದ ತಟ್ಟಿದಳು. ಖಾಲಿ ಡಬ್ಬದಂಥ ಸದ್ದು ಬಂತು. ಕೊಲ್ಲಿ ದೇಶದ ವಫ್ರಾದಲ್ಲಿ ತೋಟದ ಮಾಲೀಕ ಅಬು ಫಹದ್‌ಗೆ ಹಳೇ ಇಂಗ್ಲಿಷ್ ರೈತಮನೆಯಂಥದ್ದೇ ಬೇಕಿತ್ತು. ಓಕ್ ಮರದ ಕಂಬ, ತೊಲೆಗಳನ್ನು ಮೊಳೆಯಿಲ್ಲದೆ ಮರದ ಗೂಟಗಳಿಂದಲೇ ಬೆಸೆಯುವ ನಕ್ಷೆ ಬರೆದುಕೊಟ್ಟು ಅವಳು ಹೆರಿಗೆಗೆಂದು ಮಂಗಳೂರಿಗೆ ಹೋಗಿದ್ದಳು; ಮರಳಿ ಬಂದು ಮನೆ ನೋಡುತ್ತಿದ್ದುದು ಇವತ್ತೇ. ಕಟ್ಟಿಸಿದವನು ಗಂಡ ರಾನ್ಸನ್.

“ಭಾರ ಹೊರೋದು ಕಾಂಕ್ರೀಟ್ ಗೋಡೆ. ಇದು ಬರೀ ಮರದ ಬಣ್ಣ ಬಳಿದ ಫೈಬರ್,” ರಾನ್ಸನ್ ಪಿಸುಗುಟ್ಟಿದ. “ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?”

“ದಿನಾ ಫೋನಲ್ಲಿ ಓಕ್ ಅಂತ ಹೇಳ್ತಿದ್ದಿಯಲ್ಲ, ನನ್ನ ಹತ್ರವೂ?”

ಅಷ್ಟರಲ್ಲಿ ಅಬು ಫಹದ್ ಅತಿಥಿಗಳನ್ನು ಕರೆತಂದು, ಮರದ ಚೌಕಟ್ಟು ಇಡೀ ಮನೆಯನ್ನು ಹೇಗೆ ಹೊತ್ತುಕೊಂಡಿದೆಯೆಂದು ಅವರಿಗೆ ವಿವರಿಸಲು ಮೆಲಿಶಾಳಿಗೆ ಹೇಳಿದರು. ರಾನ್ಸನ್ ಬೇಡವೆಂಬಂತೆ ಅವಳ ಕೈ ಒತ್ತಿದ.

ಮೆಲಿಶಾ ಕೈ ಬಿಡಿಸಿಕೊಂಡಳು. “ಇದರಲ್ಲಿ ಮರವೇ ಇಲ್ಲ ಸರ್. ನನಗೂ ಈಗಷ್ಟೇ ಗೊತ್ತಾಯ್ತು.”