ಕಾಳಪರ್ಣನಿಗೆ ದಾರಿ ಉಂಟಾ?

ಅಮ್ಮಣ್ಣಿ ಮೀನಿನ ಬುಟ್ಟಿಯನ್ನು ಜಗಲಿಯಲ್ಲಿ ಇಳಿಸಿದಳು. ಆದರೆ ಮೇಲೆ ಮುಚ್ಚಿದ್ದ ಎಲೆ ಸರಿಸಲಿಲ್ಲ. ಝೀಟಾ ಟೀಚರ್ ಪಾತ್ರೆ ಹಿಡಿದು ಹೊರಬಂದು, ಬಂಗುಡೆ ಉಂಟಾ ಎಂದು ಎರಡು ಸಲ ಕೇಳಿದರು.

"ಬಂಗುಡೆ ಉಂಟು. ಮೊದಲು ಒಂದು ಮಾತು ಹೇಳಿ ಟೀಚರೇ. ನಿಮ್ಮ ಕಾಳಪರ್ಣನಿಗೆ ವಾಪಸು ಬರ್ಲಿಕ್ಕೆ ದಾರಿ ಉಂಟಾ?"

ಟೀಚರಿಗೆ ನಗು ಬಂತು, ಒಳಗೊಳಗೆ ಹೆಮ್ಮೆಯೂ ಆಯಿತು. ಉಡುಪಿಯ ವಾರಪತ್ರಿಕೆಯೊಂದರಲ್ಲಿ ಅವರ ಧಾರಾವಾಹಿ ಇಪ್ಪತ್ತೆರಡು ವಾರಗಳಿಂದ ಬರುತ್ತಿತ್ತು. ಕಾಯಿಲೆ ಬಿದ್ದ ತಮ್ಮನನ್ನು ಉಳಿಸಲು ರಾಜಕುಮಾರ ಕಾಳಪರ್ಣ ತನ್ನ ಹೃದಯವನ್ನೇ ಮಾಟಗಾತಿಯ ಭರಣಿಯಲ್ಲಿ ಒತ್ತೆಯಿಡುತ್ತಾನೆ. ಅಲ್ಲಿಂದಾಚೆ ಕರುಣೆ ಬತ್ತಿ ಏಳು ಊರುಗಳನ್ನು ಸುಡುತ್ತಾನೆ. ಕೊನೆಯ ಕಂತು ಬರೆದು ಮುಗಿದಿತ್ತು, ಕಳಿಸುವುದೊಂದೇ ಬಾಕಿ. ಓದು ಬಾರದ ಅಮ್ಮಣ್ಣಿಗೆ ಇದೆಲ್ಲ ಹೇಗೆ ಗೊತ್ತು?

"ನಮ್ಮ ರತ್ನ ಓದಿ ಹೇಳ್ತಾಳಲ್ಲ" ಎಂದಳು ಅಮ್ಮಣ್ಣಿ. ಅವಳ ಮಗಳು ರತ್ನಾವತಿ ಟೀಚರ ಎಂಟನೇ ಕ್ಲಾಸಿನಲ್ಲಿದ್ದಳು.

"ದಾರಿ ಇಲ್ಲ ಮಾರಾಯ್ತಿ. ತಮ್ಮನೇ ಅವನನ್ನು ಕೊಲ್ತಾನೆ. ಹೃದಯ ಇಲ್ಲದವ ತಿರುಗಿ ಬರುವುದು ಹೇಗೆ?"

"ಇಲ್ಲ ಅಂತ ಹೇಳಿದ್ರೆ ಹೇಗೆ? ಭರಣಿಯಲ್ಲಿ ಉಂಟಲ್ಲ! ಹೊಳೆಬದಿಯಲ್ಲಿ ಅವನು ಕರೆದಾಗ ತಮ್ಮ ಒಮ್ಮೆ ತಿರುಗಿ ನೋಡಿದ್ದರೆ?"

ಹೊಳೆಬದಿಯ ಆ ಸನ್ನಿವೇಶ ಯಾವ ವಾರದ್ದೋ, ಬರೆದವರಿಗೇ ಮರೆತುಹೋಗಿತ್ತು. ತಮ್ಮ ಯಾಕೆ ತಿರುಗಿ ನೋಡಲಿಲ್ಲ? ಎಷ್ಟು ಯೋಚಿಸಿದರೂ ಕಾರಣ ಸಿಗಲಿಲ್ಲ. ಟೀಚರ್ ಪಾತ್ರೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು.

"ಇದು ನಿನ್ನ ಪ್ರಶ್ನೆಯಾ, ರತ್ನಂದಾ?"

"ನನ್ನ ತಮ್ಮ ಕೂಸಪ್ಪಂದು. ಎಮರ್ಜೆನ್ಸಿಗೆ ಮೊದಲೇ ಜೈಲಿಗೆ ಹೋದವ, ಏಳು ವರ್ಷ ಆಗಿ ಕಳೆದ ತಿಂಗಳು ಬಂದ. ಯಾರ ಹತ್ತಿರವೂ ಮಾತಿಲ್ಲ. ನಮ್ಮ ಅಂಗಳದ ತೆಂಗಿನಮರದ ಬುಡದಲ್ಲಿ ಕೂತಿರ್ತಾನೆ. ಗುರುವಾರ ರತ್ನ ಕಥೆ ಓದುವಾಗ ಮಾತ್ರ ಹತ್ತಿರ ಬರ್ತಾನೆ. ಮೊನ್ನೆ ಬಾಯಿ ಬಿಟ್ಟು ಇದನ್ನು ಕೇಳಿದ. ಬಂದ ಮೇಲೆ ಆಡಿದ್ದು ಅದೊಂದೇ ಮಾತು."

ಟೀಚರ್ ಕಾರ್ಕಳದಿಂದ ಕಾಪುವಿಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿನ ಹಳೆಯ ಸಂಗತಿಗಳು ಅವರಿಗೆ ಗೊತ್ತಿರಲಿಲ್ಲ.

"ಎಂತ ಮಾಡಿದ್ದ?"

"ಜಗಳದ ಸಿಟ್ಟಿನಲ್ಲಿ ದೋಣಿಗೆ ಬೆಂಕಿ ಕೊಟ್ಟ. ಒಬ್ಬ ಸಂಸಾರಸ್ಥ ಒಳಗೆ ಮಲಗಿದ್ದು ಅವನಿಗೆ ಗೊತ್ತಿರ್ಲಿಲ್ಲ. ಗೊತ್ತಾಗುವಾಗ ಮುಗಿದಿತ್ತು."

ಟೀಚರಿಗೆ ಆಗ ಒಂದು ವಿಷಯ ಹೊಳೆಯಿತು. ಏಳು ಊರು ಸುಟ್ಟವನ ಕಥೆಯಲ್ಲಿ ಸತ್ತವರ ಮನೆಯವರಿಂದ ತಾನು ಒಂದು ಮಾತನ್ನೂ ಆಡಿಸಿರಲಿಲ್ಲ.

"ದಾರಿ ಉಂಟಾ ಅಂತ ನನ್ನನ್ನು ಕೇಳಿ ಎಂತ ಪ್ರಯೋಜನ ಅಮ್ಮಣ್ಣಿ? ಆ ಸತ್ತವನ ಹೆಂಡತಿಯನ್ನು ಕೇಳಬೇಕು. ಅವಳು ಎಂತ ಹೇಳ್ತಾಳೆ?"

ಅಮ್ಮಣ್ಣಿ ಬುಟ್ಟಿಯ ಎಲೆಯನ್ನು ಸುಮ್ಮನೆ ಸರಿಪಡಿಸಿದಳು.

"ಅದು ನಾನೇ ಅಲ್ವಾ ಟೀಚರೇ."

ಕಾಗೆಯೊಂದು ಬುಟ್ಟಿಯ ಹತ್ತಿರ ಬಂದು ಕೂತಿತು. ಇಬ್ಬರೂ ಓಡಿಸಲಿಲ್ಲ. ಟೀಚರ್, "ನಾನು ಕಾಳಪರ್ಣನನ್ನು ಕೊಲ್ಲುವುದಿಲ್ಲ. ಬೇರೆ ಬರೆಯುತ್ತೇನೆ" ಎಂದರು.

"ಕೊಲ್ಲದೆ ಬಿಡುವುದು ಸುಲಭ" ಎಂದಳು ಅಮ್ಮಣ್ಣಿ. "ನಾನೂ ಕೊಲ್ಲಲಿಲ್ಲ. ಆಮೇಲೆ ಅವನಿಗೆ ಊಟದ ಬಟ್ಟಲು ಒಳಗೆ ಇಡುವುದಾ, ಹೊರಗೆ ಇಡುವುದಾ? ಅದನ್ನು ಬರೆಯಿರಿ."